ಹುಟ್ಟದ ಹಲ್ಲು, ಅಡ್ಡ ಕೂತ ಗಡ್ಡೆ: ಕಾಯುವುದೋ, ಎಳೆಸುವುದೋ, ಕೀಳಿಸುವುದೋ?

ಆ ಹುಡುಗನಿಗೆ ಒಂಬತ್ತೂವರೆ ವರ್ಷ. ಅಜ್ಜಿಯ ಜೊತೆ ಬಂದಿದ್ದ. ತುಟಿ ಎತ್ತಿ ನೋಡಿದೆ. ಮೇಲಿನ ಎಡಗಡೆಯ ದೊಡ್ಡ ಬಾಚಿಹಲ್ಲು ಬಂದು ಎರಡು ವರ್ಷವಾಗಿತ್ತು. ಬಲಗಡೆ ಇನ್ನೂ ಹಾಲುಹಲ್ಲೇ ಕೂತಿತ್ತು. ಬೆರಳಲ್ಲಿ ಹಿಡಿದು ಅಲ್ಲಾಡಿಸಿದರೆ ಒಂಚೂರೂ ಅಲ್ಲಾಡಲಿಲ್ಲ. "ಇವರಪ್ಪಂಗೂ ಹಲ್ಲು ತಡವಾಗೇ ಬಂದಿದ್ದು ಡಾಕ್ಟ್ರೇ. ಬಿದ್ದಾಗ ಬೀಳತ್ತೆ ಅಂತ ಸುಮ್ನಿದ್ವಿ" ಅಂದರು ಅಜ್ಜಿ.

ಎಲ್ಲ ಹಲ್ಲೂ ತಡವಾಗಿದ್ದರೆ ಅಜ್ಜಿಯ ಮಾತು ಸರಿ, ಅದು ಮನೆತನದಿಂದ ಬಂದಿರಬಹುದು. ಆದರೆ ಒಂದೇ ಒಂದು ಹಲ್ಲು ತಡವಾದರೆ, ಅದಕ್ಕೆ ಏನೋ ಅಡ್ಡ ಕೂತಿದೆ ಅಂತಲೇ ಮೊದಲು ಅಂದುಕೊಳ್ಳಬೇಕು. ಮೇಲಿನ ದೊಡ್ಡ ಬಾಚಿಹಲ್ಲುಗಳು ಸಾಮಾನ್ಯವಾಗಿ 7-8 ವರ್ಷಕ್ಕೆ ಬರುತ್ತವೆ. ಅವುಗಳ ಪಕ್ಕದವು 8-9ಕ್ಕೆ, ಮೇಲಿನ ಕೋರೆಹಲ್ಲು 11-12ಕ್ಕೆ. ಒಂದೆರಡು ತಿಂಗಳು ಆಚೀಚೆ ಆದರೆ ಚಿಂತೆಯಿಲ್ಲ. ಒಂದು ಬದಿಯ ಹಲ್ಲು ಬಂದು ಆರು ತಿಂಗಳು ದಾಟಿದರೂ ಇನ್ನೊಂದು ಬದಿಯ ಜೋಡಿಹಲ್ಲು ಕಾಣದಿದ್ದರೆ ಎಕ್ಸ್‌ರೇ ತೆಗೆಸಿ. ಕೋರೆಹಲ್ಲಿಗೆ ಇನ್ನೂ ಮುಂಚೆಯೇ ಒಂದು ಸುಳಿವು ಸಿಗುತ್ತದೆ. ಹತ್ತು ವರ್ಷದ ಹೊತ್ತಿಗೆ, ಹಾಲು ಕೋರೆಹಲ್ಲಿನ ಮೇಲ್ಗಡೆ ವಸಡಿನ ಮೇಲೆ ಬೆರಳಾಡಿಸಿದರೆ ಎರಡೂ ಕಡೆ ಗಟ್ಟಿಯಾದ ಉಬ್ಬು ತಾಗಬೇಕು. ಒಂದು ಕಡೆ ತಾಗಿ ಇನ್ನೊಂದು ಕಡೆ ತಾಗದಿದ್ದರೆ ತೋರಿಸಿಕೊಂಡು ಬನ್ನಿ.

ನೋವಿಲ್ಲವಲ್ಲ ಅಂತ ಬಿಡಬೇಡಿ. ಇಂಥ ಗಡ್ಡೆಗಳು ಬಹಳ ಸಲ ನೋಯುವುದೇ ಇಲ್ಲ.

ಗಡ್ಡೆ ಅಂದರೆ ಹೆದರಬೇಕಾ?

ಆ ಹುಡುಗನ ಎಕ್ಸ್‌ರೇಯಲ್ಲಿ ಹಾಲುಹಲ್ಲಿನ ಬೇರಿನ ಮೇಲೆ, ದೊಡ್ಡ ಬಾಚಿಹಲ್ಲಿನ ಕೆಳಗೆ, ಒಂದು ಪುಟ್ಟ ಗೊಂಚಲು ಕಾಣಿಸಿತು. ನುಚ್ಚಕ್ಕಿಯನ್ನು ಒಂದು ಚೀಲದಲ್ಲಿ ಕಟ್ಟಿಟ್ಟ ಹಾಗೆ. ಅದರ ಹೆಸರು ಓಡಾಂಟೋಮಾ. ಹಲ್ಲು ಕಟ್ಟಬೇಕಾದ ಜೀವಕೋಶಗಳೇ ದಾರಿ ತಪ್ಪಿ, ಬೇಡದ ಜಾಗದಲ್ಲಿ ಹಲ್ಲಿನ ಪದಾರ್ಥವನ್ನು ಕಟ್ಟಿದರೆ ಆಗುವ ಗಡ್ಡೆ ಇದು. ಕ್ಯಾನ್ಸರ್ ಅಲ್ಲ. ಪೂರ್ತಿ ತೆಗೆದರೆ ಮತ್ತೆ ಬರುವುದು ತೀರಾ ಅಪರೂಪ. ಇದನ್ನು ನಿಜವಾದ ಗಡ್ಡೆ ಅನ್ನುವುದಕ್ಕಿಂತ ಬೆಳವಣಿಗೆಯ ದೋಷ ಅನ್ನುವುದೇ ಸರಿ ಎನ್ನುವವರೂ ಇದ್ದಾರೆ.

ಇದರಲ್ಲಿ ಎರಡು ಬಗೆ. ಕಾಂಪೌಂಡ್ ಅನ್ನುವುದರಲ್ಲಿ ಪುಟ್ಟ ಪುಟ್ಟ ಹಲ್ಲುಗಳೇ ಇರುತ್ತವೆ, ಹೆಚ್ಚಾಗಿ ಮೇಲ್ದವಡೆಯ ಮುಂಭಾಗದಲ್ಲಿ. ಕಾಂಪ್ಲೆಕ್ಸ್ ಅನ್ನುವುದಕ್ಕೆ ಹಲ್ಲಿನ ಆಕಾರವೇ ಇರುವುದಿಲ್ಲ, ಎಲ್ಲ ಕಲಸಿಹೋದ ಗಟ್ಟಿ ಮುದ್ದೆ. ಅದು ಹೆಚ್ಚಾಗಿ ಕೆಳದವಡೆಯ ಹಿಂಭಾಗದಲ್ಲಿ ಕೂತು ದವಡೆಹಲ್ಲಿಗೆ ಅಡ್ಡವಾಗುತ್ತದೆ. 2019ರಲ್ಲಿ ಚೆನ್ನೈನ ಸವೀತಾ ದಂತ ಕಾಲೇಜಿನಲ್ಲಿ ಏಳು ವರ್ಷದ ಹುಡುಗನ ಕೆಳದವಡೆಯಿಂದ 526 ಪುಟ್ಟ ಹಲ್ಲುಗಳನ್ನು ತೆಗೆದ ಸುದ್ದಿ ನಿಮಗೆ ನೆನಪಿರಬಹುದು. ಅದು ಕಾಂಪೌಂಡ್ ಬಗೆಯದೇ. ಚೀಲದ ತೂಕವೇ ಸುಮಾರು 200 ಗ್ರಾಂ ಇತ್ತು. ಅದಕ್ಕೂ ಮೊದಲು, 2014ರಲ್ಲಿ, ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ 17 ವರ್ಷದ ಹುಡುಗನಿಂದ 232 ತೆಗೆದಿದ್ದರು. ಇವು ಸುದ್ದಿಯಾಗುವಷ್ಟು ಅಪರೂಪ. ನಾವು ದಿನನಿತ್ಯ ನೋಡುವುದು ಹುಣಸೆಬೀಜದಷ್ಟು ದೊಡ್ಡದು, ಅಷ್ಟೇ. ಆದರೆ ಅಷ್ಟು ಸಾಕು, ಒಂದು ಹಲ್ಲಿನ ದಾರಿ ಕಟ್ಟುವುದಕ್ಕೆ.

ಯಾವ ಎಕ್ಸ್‌ರೇ?

ಮೂರು ಆಯ್ಕೆಗಳಿವೆ. ಬಾಯೊಳಗೆ ಇಟ್ಟು ತೆಗೆಯುವ ಸಣ್ಣ ಎಕ್ಸ್‌ರೇ, ಇಡೀ ದವಡೆ ಒಂದೇ ಚಿತ್ರದಲ್ಲಿ ಬರುವ ಒ.ಪಿ.ಜಿ., ಮತ್ತೆ ಮೂರು ಆಯಾಮದಲ್ಲಿ ತೋರಿಸುವ ಸಿ.ಬಿ.ಸಿ.ಟಿ. ಸ್ಕ್ಯಾನ್.

ಮುಂದಿನ ಹಲ್ಲಿಗೆ ಮೊದಲು ಸಣ್ಣ ಎಕ್ಸ್‌ರೇಯೇ ಒಳ್ಳೆಯದು. ಬೆಲೆಯೂ ಕಡಿಮೆ, ವಿಕಿರಣವೂ ಕಡಿಮೆ, ಚಿತ್ರವೂ ಚೊಕ್ಕ. ನಡುವಿನಲ್ಲಿ ಬೆನ್ನುಮೂಳೆಯ ನೆರಳು ಬೀಳುವುದರಿಂದ ಒ.ಪಿ.ಜಿ. ಮುಂದಿನ ಹಲ್ಲುಗಳ ಭಾಗದಲ್ಲಿ ಮಸುಕಾಗುತ್ತದೆ. ಸಣ್ಣ ಗಡ್ಡೆ ಅದರಲ್ಲಿ ಕಣ್ತಪ್ಪಿ ಹೋಗಬಹುದು. "ಒ.ಪಿ.ಜಿ.ಯಲ್ಲಿ ಏನೂ ಇಲ್ಲ ಅಂದ್ರು" ಅಂತ ಬಂದ ಮಕ್ಕಳಲ್ಲಿ ಸಣ್ಣ ಎಕ್ಸ್‌ರೇ ತೆಗೆದಾಗ ಗಡ್ಡೆ ಸಿಕ್ಕಿದ್ದನ್ನು ನಾನೇ ನೋಡಿದ್ದೇನೆ. ಹಿಂದಿನ ದವಡೆಹಲ್ಲು, ಬುದ್ಧಿಹಲ್ಲು, ಅಥವಾ ಎಷ್ಟು ಹಲ್ಲು ಇನ್ನೂ ಒಳಗಿವೆ ಅಂತ ನೋಡಬೇಕಾದರೆ ಒ.ಪಿ.ಜಿ. ಬೇಕೇ ಬೇಕು.

ಸಿ.ಬಿ.ಸಿ.ಟಿ. ಎಲ್ಲರಿಗೂ ಬೇಡ. ಅದರ ವಿಕಿರಣ ಹೆಚ್ಚು, ಮಕ್ಕಳ ವಿಷಯದಲ್ಲಿ ಇನ್ನಷ್ಟು ಯೋಚಿಸಬೇಕು. ಆಪರೇಷನ್ ಮಾಡುವುದು ಖಚಿತವಾದ ಮೇಲೆ, ಗಡ್ಡೆ ತುಟಿಯ ಕಡೆ ಇದೆಯೋ ಅಂಗುಳದ ಕಡೆ ಇದೆಯೋ, ಪಕ್ಕದ ಹಲ್ಲಿನ ಬೇರು ಕರಗಿದೆಯೋ, ಕೆಳದವಡೆಯ ನರಕ್ಕೆ ಎಷ್ಟು ಹತ್ತಿರ ಅನ್ನುವುದು ತಿಳಿಯಬೇಕಾದಾಗ ಅದಕ್ಕೆ ಸಮ ಇನ್ನೊಂದಿಲ್ಲ. ತೆಗೆಸುವಾಗ "ಆ ಜಾಗದಷ್ಟೇ ಸಾಕಾ, ಪೂರ್ತಿ ದವಡೆ ಬೇಕಾ?" ಅಂತ ಕೇಳಿ. ಸಣ್ಣ ಜಾಗಕ್ಕೆ ತೆಗೆದರೆ ವಿಕಿರಣವೂ ಕಡಿಮೆಯಾಗುತ್ತದೆ. ಸಣ್ಣ ಎಕ್ಸ್‌ರೇಯನ್ನೇ ಎರಡು ಕೋನದಿಂದ ತೆಗೆದು ಗಡ್ಡೆ ಯಾವ ಕಡೆ ಇದೆ ಅಂತ ಹೇಳುವ ಹಳೆಯ ಉಪಾಯವೂ ಇದೆ. ಮುಂದಿನ ಹಲ್ಲಿನ ಎಷ್ಟೋ ಕೇಸುಗಳಲ್ಲಿ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಎಕ್ಸ್‌ರೇಯಲ್ಲಿ ಕಂಡದ್ದೆಲ್ಲ ಒಂದೇ ಅಲ್ಲ

ಬಿಳಿ ಗೊಂಚಲು, ಸುತ್ತ ತೆಳು ಕಪ್ಪು ಗೆರೆ ಇದ್ದರೆ ಓಡಾಂಟೋಮಾ ಅಂತ ಹೆಚ್ಚುಕಡಿಮೆ ಅಲ್ಲೇ ಹೇಳಬಹುದು. ಒಂದೇ ಒಂದು ಹೆಚ್ಚುವರಿ ಹಲ್ಲು ಅಡ್ಡ ಕೂತಿರುವುದೂ ಉಂಟು, ಅದು ಗಡ್ಡೆಯೇ ಅಲ್ಲ. ಕಷ್ಟ ಆಗುವುದು ಹುಟ್ಟದ ಹಲ್ಲಿನ ತಲೆಯ ಸುತ್ತ ದುಂಡಗೆ ಕಪ್ಪು ಕಂಡಾಗ. ಅದು ನೀರು ತುಂಬಿದ ಚೀಲ ಇರಬಹುದು, ಅದನ್ನು ಡೆಂಟಿಜೀರಸ್ ಸಿಸ್ಟ್ ಅನ್ನುತ್ತೇವೆ. ಹದಿಹರೆಯದ ಹುಡುಗಿಯ ಮೇಲಿನ ಕೋರೆಹಲ್ಲಿನ ಸುತ್ತ ಕಪ್ಪಿದ್ದು, ಒಳಗೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಚುಕ್ಕೆಗಳಿದ್ದರೆ ಅಡಿನೊಮೆಟಾಯ್ಡ್ ಓಡಾಂಟೊಜೆನಿಕ್ ಟ್ಯೂಮರ್ ನೆನಪಾಗಬೇಕು. ಹೆಸರು ಉದ್ದ, ಸ್ವಭಾವ ಮೆತ್ತಗೆ. ಚೊಕ್ಕವಾದ ಪೊರೆಯೊಳಗೆ ಇರುತ್ತದೆ, ಬಿಡಿಸಿ ತೆಗೆದರೆ ಮುಗಿಯಿತು.

ಆದರೆ ಅಮೆಲೊಬ್ಲಾಸ್ಟೋಮಾ ಅನ್ನುವ ಇನ್ನೊಂದು ಗಡ್ಡೆ ಕೂಡ ಶುರುವಿನಲ್ಲಿ ಹೀಗೇ ಒಂದು ಕಪ್ಪು ಚೀಲದ ಹಾಗೆ ಕಾಣಬಹುದು, ಅದರಲ್ಲೂ ಕೆಳಗಿನ ಬುದ್ಧಿಹಲ್ಲಿನ ಸುತ್ತ. ಅದೂ ಕ್ಯಾನ್ಸರ್ ಅಲ್ಲ. ಆದರೂ ಅದು ಮೂಳೆಯೊಳಗೆ ಬೇರು ಬಿಡುತ್ತದೆ, ಬರೀ ಕೆರೆದು ತೆಗೆದರೆ ಮತ್ತೆ ಬರುತ್ತದೆ. ಇನ್ನೊಂದು ಕೆರಟೊಸಿಸ್ಟ್. ಅದೂ ಮರಳಿ ಬರುವ ಜಾತಿಯದೇ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಅದನ್ನು ಗಡ್ಡೆಗಳ ಪಟ್ಟಿಗೆ ಹಾಕಿ, 2017ರಲ್ಲಿ ಮತ್ತೆ ಸಿಸ್ಟ್‌ಗಳ ಪಟ್ಟಿಗೆ ತಂದಿತು. ತಿಳಿದವರಿಗೇ ಇಷ್ಟು ಚರ್ಚೆ ಇರುವಾಗ, ಬರೀ ಎಕ್ಸ್‌ರೇ ನೋಡಿ ಇದು ಇಂಥದ್ದೇ ಅಂತ ಹೇಳುವುದು ಸರಿಯಲ್ಲ.

ಹಾಗಾಗಿ ಒಂದು ವಿಷಯದಲ್ಲಿ ಆಯ್ಕೆಯೇ ಇಲ್ಲ. ತೆಗೆದ ಗಡ್ಡೆ, ಅದರ ಪೊರೆ, ಎಲ್ಲವೂ ಬಯಾಪ್ಸಿಗೆ, ಅಂದರೆ ಸೂಕ್ಷ್ಮದರ್ಶಕದ ಪರೀಕ್ಷೆಗೆ, ಹೋಗಲೇಬೇಕು. "ಇದು ಮಾಮೂಲಿ, ಪರೀಕ್ಷೆ ಬೇಡ" ಅಂದರೂ ನೀವು ಬಿಡಬೇಡಿ. ರಿಪೋರ್ಟ್ ಕೈಗೆ ಬರುವವರೆಗೆ ಚಿಕಿತ್ಸೆ ಮುಗಿದಿಲ್ಲ. ಚೀಲ ದೊಡ್ಡದಿದ್ದರೆ ಮೊದಲು ಸಣ್ಣ ತುಣುಕು ತೆಗೆದು ಪರೀಕ್ಷಿಸಿ, ಆಮೇಲೆ ದೊಡ್ಡ ಆಪರೇಷನ್ ಮಾಡುವುದು ಸರಿಯಾದ ಕ್ರಮ.

ಇನ್ನೊಂದು ಮಾತು ಸೇರಿಸುತ್ತೇನೆ. ಒಬ್ಬರಿಗೇ ಹಲವು ಓಡಾಂಟೋಮಾ, ಹುಟ್ಟದ ಹಲವು ಹಲ್ಲು, ದವಡೆಮೂಳೆಯಲ್ಲಿ ಗಂಟು ಇದ್ದರೆ, ಮನೆಯಲ್ಲಿ ಯಾರಿಗಾದರೂ ದೊಡ್ಡಕರುಳಿನಲ್ಲಿ ಪಾಲಿಪ್ (ಒಳಗೋಡೆಯ ಸಣ್ಣ ಗಂಟು) ಇತ್ತಾ ಅಂತ ನಾವು ಕೇಳುತ್ತೇವೆ. ಗಾರ್ಡ್ನರ್ ಸಿಂಡ್ರೋಮ್ ಅನ್ನುವ ಅಪರೂಪದ ತೊಂದರೆಯಲ್ಲಿ ಹಲ್ಲಿನ ಲಕ್ಷಣವೇ ಮೊದಲು ಕಾಣಿಸಿಕೊಳ್ಳಬಹುದು. ಹಲ್ಲಿನ ಡಾಕ್ಟರ್ ಹೊಟ್ಟೆಯ ವಿಷಯ ಯಾಕೆ ಕೇಳುತ್ತಾರೆ ಅಂತ ಬೇಜಾರು ಮಾಡ್ಕೋಬೇಡಿ.

ಈಗಲೇ ತೆಗೆಸುವುದಾ, ಆಮೇಲಾ?

ಹಲ್ಲು ಬರಬೇಕಾದ ವಯಸ್ಸು ದಾಟಿದ್ದರೆ ಈಗಲೇ. ಇದರಲ್ಲಿ ನನಗೆ ಅನುಮಾನವಿಲ್ಲ. ಹಲ್ಲು ಬರುವ ಶಕ್ತಿ ಅದರ ಬೇರು ಬೆಳೆಯುತ್ತಿರುವಾಗ ಹೆಚ್ಚು. ಬೇರಿನ ತುದಿ ಮುಚ್ಚಿಕೊಂಡ ಮೇಲೆ ಆ ಶಕ್ತಿ ಕಡಿಮೆಯಾಗುತ್ತಾ ಹೋಗುತ್ತದೆ. ಒಂದು ವರ್ಷ ಸುಮ್ನೆ ಕಾದರೆ, ತಾನಾಗೇ ಬರಬಹುದಾಗಿದ್ದ ಹಲ್ಲನ್ನು ಎಳೆದು ತರಬೇಕಾಗಬಹುದು.

ತಡ ಮಾಡುವುದಕ್ಕೂ ಒಂದು ಸರಿಯಾದ ಕಾರಣ ಇರಬಹುದು. ಐದಾರು ವರ್ಷದ ಮಗುವಿನಲ್ಲಿ ಬೇರೆ ಯಾವುದಕ್ಕೋ ತೆಗೆದ ಎಕ್ಸ್‌ರೇಯಲ್ಲಿ ಸಣ್ಣ ಗಡ್ಡೆ ಕಂಡಿತು ಅಂದುಕೊಳ್ಳಿ. ಪಕ್ಕದಲ್ಲೇ ಇನ್ನೂ ಮೆತ್ತಗಿರುವ ಹಲ್ಲಿನ ಮೊಳಕೆ ಇದೆ. ಆಗ ಕೈಹಾಕಿದರೆ ಆ ಮೊಳಕೆಗೇ ಪೆಟ್ಟಾಗಬಹುದು. ಆರು ತಿಂಗಳಿಗೊಮ್ಮೆ ನೋಡುತ್ತಾ, ಸ್ವಲ್ಪ ಬೆಳೆಯಲು ಬಿಟ್ಟು ತೆಗೆಯುವುದು ಜಾಣತನ.

ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿ ಮಾಡುವುದೋ, ಪೂರ್ತಿ ಮಲಗಿಸಿ ಮಾಡುವುದೋ ಅನ್ನುವುದು ಮಗುವಿನ ಮೇಲೆ, ಗಡ್ಡೆಯ ಮೇಲೆ ನಿಂತಿದೆ. ಎಂಟು ದಾಟಿದ, ಹೇಳಿದ ಮಾತು ಕೇಳುವ ಮಗುವಿಗೆ ಮುಂದಿನ ಸಣ್ಣ ಗಡ್ಡೆಯಾದರೆ ಇಂಜೆಕ್ಷನ್ ಸಾಕು. ಹಿಂದಿನ ದೊಡ್ಡ ಗಡ್ಡೆ, ತೀರಾ ಚಿಕ್ಕ ಮಗು, ತುಂಬಾ ಹೆದರುವ ಮಗು ಆದರೆ ಮಲಗಿಸಿ ಮಾಡುವುದೇ ವಾಸಿ. ಅದಕ್ಕೆ ಅರಿವಳಿಕೆ ತಜ್ಞರಿರುವ ಆಸ್ಪತ್ರೆಯೇ ಆಗಬೇಕು.

ನಮ್ಮ ಹುಡುಗನಿಗೆ ಇಂಜೆಕ್ಷನ್ನಲ್ಲೇ ಆಯಿತು. ಹಾಲುಹಲ್ಲು ಕಿತ್ತು, ವಸಡು ಬಿಡಿಸಿ, ಕಾಗದದಷ್ಟು ತೆಳುವಾಗಿದ್ದ ಮೂಳೆ ಸರಿಸಿದ ಕೂಡಲೇ ಪೊರೆ ಕಂಡಿತು. ಒಂದೊಂದೇ ತೆಗೆದು ಒದ್ದೆ ಹತ್ತಿಬಟ್ಟೆಯ ಮೇಲೆ ಸಾಲಾಗಿ ಇಟ್ಟೆವು. ಹನ್ನೊಂದು. ದೊಡ್ಡದು ಅಕ್ಕಿಕಾಳಿನಷ್ಟು, ಚಿಕ್ಕದು ಎಳ್ಳಿನಷ್ಟು. ಎರಡು ಮೂರಕ್ಕೆ ಸರಿಯಾದ ತಲೆ, ಸರಿಯಾದ ಬೇರು, ಬೊಂಬೆಯ ಬಾಯಿಗೆ ಮಾಡಿದ ಹಾಗಿದ್ದವು. ಅವುಗಳ ಮೇಲ್ಗಡೆ, ಗಾಯದ ಒಳಗೆ, ನಿಜವಾದ ಹಲ್ಲಿನ ಬಿಳಿ ಅಂಚು ಮಿನುಗುತ್ತಿತ್ತು. ಹುಡುಗನಿಗೆ ಒಂದನ್ನಾದರೂ ಮನೆಗೆ ಒಯ್ದು ಸೂರಿನ ಮೇಲೆ ಎಸೆಯುವ ಆಸೆ. ಹಾಲುಹಲ್ಲು ಕೊಟ್ಟು ಕಳಿಸಿದೆವು. ಹನ್ನೊಂದೂ ಬಯಾಪ್ಸಿಗೆ ಹೋದವು.

ಗಡ್ಡೆ ಹೋಯಿತು, ಹಲ್ಲನ್ನು ಏನು ಮಾಡುವುದು?

ತಂದೆತಾಯಿ ಹೆಚ್ಚು ಗೊಂದಲಕ್ಕೆ ಬೀಳುವುದು ಇಲ್ಲೇ. ಒಬ್ಬ ಡಾಕ್ಟರ್ ಕಾಯಿರಿ ಅನ್ನುತ್ತಾರೆ, ಇನ್ನೊಬ್ಬರು ಕ್ಲಿಪ್ ಹಾಕಿ ಎಳೆಯೋಣ ಅನ್ನುತ್ತಾರೆ, ಮತ್ತೊಬ್ಬರು ಅದನ್ನೂ ಕಿತ್ತುಬಿಡೋಣ ಅನ್ನುತ್ತಾರೆ. ಮೂವರೂ ಸರಿ ಇರಬಹುದು, ಬೇರೆ ಬೇರೆ ಹಲ್ಲಿಗೆ. ನಾಲ್ಕು ಸಂಗತಿ ನೋಡಿದರೆ ಯಾವ ದಾರಿ ಅನ್ನುವುದು ಹೆಚ್ಚುಕಡಿಮೆ ತಾನೇ ತಿಳಿಯುತ್ತದೆ. ಬೇರು ಎಷ್ಟು ಬೆಳೆದಿದೆ, ಹಲ್ಲು ಯಾವ ಕಡೆ ಮುಖ ಮಾಡಿದೆ, ಎಷ್ಟು ಆಳದಲ್ಲಿದೆ, ಬರಲು ಸಾಲಿನಲ್ಲಿ ಜಾಗ ಇದೆಯಾ.

ಬೇರಿನ ತುದಿ ಇನ್ನೂ ತೆರೆದಿದ್ದು, ಹಲ್ಲು ನೆಟ್ಟಗೆ ಕೆಳಮುಖವಾಗಿದ್ದು, ಜಾಗವೂ ಇದ್ದರೆ ಕಾಯುವುದೇ ಮೇಲು. ಕಾಯುವುದು ಅಂದರೆ ಮರೆತುಬಿಡುವುದಲ್ಲ. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಎಕ್ಸ್‌ರೇಯಲ್ಲಿ ಹಲ್ಲು ಕೆಳಗಿಳಿದಿದೆಯಾ ಅಂತ ಅಳೆಯಬೇಕು. ಆರು ತಿಂಗಳಿಂದ ಒಂದು ವರ್ಷದವರೆಗೆ ನೋಡಬಹುದು. ಜಾಗ ಕಾಯುವುದೂ ಅಷ್ಟೇ ಮುಖ್ಯ. ಹಲ್ಲಿಲ್ಲದ ಜಾಗಕ್ಕೆ ಅಕ್ಕಪಕ್ಕದ ಹಲ್ಲುಗಳು ವಾಲಿಕೊಂಡು ಬರುತ್ತವೆ. ನಮ್ಮ ಹುಡುಗನಿಗೆ ಆಗಲೇ ಎರಡು ಮಿಲಿಮೀಟರ್ ಜಾಗ ಹೋಗಿತ್ತು. ತೆಗೆದು ಹಾಕುವ ಪ್ಲೇಟ್ ಕೊಟ್ಟು ಜಾಗ ಮರಳಿ ಮಾಡಿದೆವು. ಕಾಯುವ ದಾರಿಯ ಲಾಭ, ಹಲ್ಲು ತನ್ನದೇ ವಸಡು, ತನ್ನದೇ ಮೂಳೆಯ ಜೊತೆ ಇಳಿದು ಬರುತ್ತದೆ. ಖರ್ಚೂ ಕಡಿಮೆ.

ಬೇರು ಪೂರ್ತಿಯಾಗಿದ್ದರೆ, ಹಲ್ಲು ಓರೆಯಾಗಿದ್ದರೆ, ಅಥವಾ ಕಾದರೂ ಕದಲದಿದ್ದರೆ ಎಳೆಸಬೇಕು. ಮೊದಲು ಉಳಿದ ಹಲ್ಲುಗಳಿಗೆ ಕ್ಲಿಪ್ ಹಾಕಿ ಜಾಗ ಮಾಡುತ್ತಾರೆ. ಆಮೇಲೆ ವಸಡು ಬಿಡಿಸಿ ಒಳಗಿನ ಹಲ್ಲಿನ ಮೇಲೆ ಪುಟ್ಟ ಗುಂಡಿ ಅಂಟಿಸಿ, ಅದಕ್ಕೊಂದು ಸಣ್ಣ ಸರಪಳಿ ಕಟ್ಟಿ, ವಸಡು ಮುಚ್ಚಿ ಹೊಲಿಗೆ ಹಾಕುತ್ತಾರೆ. ಸರಪಳಿಯ ತುದಿ ಮಾತ್ರ ಹೊರಗೆ. ಮೂರು ನಾಲ್ಕು ವಾರಕ್ಕೊಮ್ಮೆ ಅದನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾರೆ. ಗಡ್ಡೆ ತೆಗೆಯುವ ದಿನವೇ ಸರಪಳಿಯನ್ನೂ ಅಂಟಿಸಿದರೆ ಇನ್ನೊಂದು ಆಪರೇಷನ್ ತಪ್ಪುತ್ತದೆ. ಹದಿನಾಲ್ಕು ಹದಿನೈದು ವರ್ಷದ ಮಗುವಿಗೆ, ಬೇರು ಮುಗಿದ ಕೋರೆಹಲ್ಲಾದರೆ, ನಾನು ಈ ದಾರಿಯನ್ನೇ ಹೇಳುತ್ತೇನೆ. ಬೇಕಾಗದಿದ್ದರೆ ಆಮೇಲೆ ಬಿಚ್ಚಿದರಾಯಿತು.

ವಸಡನ್ನು ತೆರೆದೇ ಬಿಡುವ ಪದ್ಧತಿಯೂ ಇದೆ. ಹಲ್ಲು ಅಂಗುಳದ ಕಡೆ ಇದ್ದರೆ ಎರಡೂ ನಡೆಯುತ್ತದೆ. ತುಟಿಯ ಕಡೆ ಮೇಲೆ ಇದ್ದರೆ, ಹಲ್ಲಿನ ಸುತ್ತ ಗಟ್ಟಿ ವಸಡು ಉಳಿಯಬೇಕೆಂದು ಮುಚ್ಚಿ ಎಳೆಯುವುದೇ ಸಾಮಾನ್ಯವಾಗಿ ಚೆನ್ನ.

ಎಳೆಸುವ ದಾರಿ ಉದ್ದ. ಒಂದು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಪ್ರತಿ ತಿಂಗಳೂ ಬರಬೇಕು, ಕ್ಲಿಪ್ಪಿನ ನಡುವೆ ಚೆನ್ನಾಗಿ ಬ್ರಷ್ ಮಾಡಬೇಕು. ಗುಂಡಿ ಕಿತ್ತು ಬಂದರೆ ಮತ್ತೆ ವಸಡು ಬಿಡಿಸಬೇಕು. ಅಪರೂಪಕ್ಕೆ ಹಲ್ಲು ಮೂಳೆಗೆ ಅಂಟಿಕೊಂಡುಬಿಟ್ಟಿರುತ್ತದೆ. ಆಗ ಎಳೆದರೆ ಅದು ಕೆಳಗೆ ಬರುವ ಬದಲು ಅಕ್ಕಪಕ್ಕದ ಹಲ್ಲುಗಳೇ ಮೇಲಕ್ಕೆ ಹೋಗುತ್ತವೆ. ಹೀಗೆ ಕಂಡರೆ ನಿಲ್ಲಿಸಬೇಕು. ಊರಿಂದ ತಿಂಗಳಿಗೊಮ್ಮೆ ಬರಲು ಆಗುವುದೇ ಇಲ್ಲ ಅನ್ನುವ ಮನೆಯವರು ಅದನ್ನು ಮೊದಲೇ ಹೇಳಿಬಿಡಿ. ಅರ್ಧಕ್ಕೆ ಬಿಟ್ಟ ಕ್ಲಿಪ್ಪಿನಿಂದ ಹಲ್ಲಿಗೆ ಹಾನಿಯೇ ಜಾಸ್ತಿ.

ಕೀಳಿಸುವುದು ಕೊನೆಯ ದಾರಿ, ಆದರೆ ತಪ್ಪು ದಾರಿ ಅಲ್ಲ. ಬೇರು ಡೊಂಕಾಗಿದ್ದರೆ, ಹಲ್ಲು ಅಡ್ಡ ಮಲಗಿ ತೀರಾ ಆಳದಲ್ಲಿದ್ದರೆ, ಗಡ್ಡೆಯ ಒಳಗೇ ಸಿಕ್ಕಿಕೊಂಡಿದ್ದರೆ ಗಡ್ಡೆಯ ಜೊತೆ ತೆಗೆಯಬೇಕಾಗುತ್ತದೆ. ಹದಿನೈದು ವರ್ಷದ ಒಬ್ಬಳು ಹುಡುಗಿಗೆ ಮೂಗಿನ ಪಕ್ಕ ಉಬ್ಬಿತ್ತು. ಮೇಲೆ ಹೇಳಿದ ಉದ್ದ ಹೆಸರಿನ ಗಡ್ಡೆಯೇ. ಕೋರೆಹಲ್ಲು ಮೂಗಿನ ತಳದ ಹತ್ತಿರ, ಗಡ್ಡೆಯೊಳಗೆ ಮುಳುಗಿತ್ತು. ಎರಡನ್ನೂ ಒಟ್ಟಿಗೇ ತೆಗೆದೆವು. ಅವಳಮ್ಮ ಕೇಳಿದ ಮೊದಲ ಪ್ರಶ್ನೆ, "ಇಂಪ್ಲಾಂಟ್ ಈಗಲೇ ಹಾಕಿಸಬಹುದಾ?" ಇಂಪ್ಲಾಂಟ್ ಅಂದರೆ ಮೂಳೆಯೊಳಗೆ ತಿರುಪು ಕೂರಿಸಿ ಕಟ್ಟುವ ಹಲ್ಲು. ಈಗಲೇ ಆಗುವುದಿಲ್ಲ. ದವಡೆಯ ಬೆಳವಣಿಗೆ ನಿಲ್ಲುವ ಮೊದಲು ಇಂಪ್ಲಾಂಟ್ ಹಾಕಿದರೆ, ಅದು ನಿಂತಲ್ಲೇ ನಿಂತು, ಉಳಿದ ಹಲ್ಲುಗಳು ಕೆಳಗಿಳಿದು, ಅದು ಮೇಲೆ ಉಳಿದುಹೋಗುತ್ತದೆ. ಹುಡುಗಿಯರಿಗೆ ಹದಿನೆಂಟರ ಆಸುಪಾಸು, ಹುಡುಗರಿಗೆ ಇನ್ನೂ ತಡ. ಅಲ್ಲಿಯವರೆಗೆ ತೆಗೆದು ಹಾಕುವ ಹಲ್ಲಿನಲ್ಲಿ ಕಾಲ ಕಳೆಯಬೇಕು. ಕೀಳಿಸುವ ನಿರ್ಧಾರ ಮಾಡುವಾಗ ಆ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ಗಡ್ಡೆಯಲ್ಲ, ನೀರಿನ ಚೀಲವಾದರೆ

ಬಯಾಪ್ಸಿಯಲ್ಲಿ ಡೆಂಟಿಜೀರಸ್ ಸಿಸ್ಟ್ ಅಂತ ಬಂದರೆ ಎರಡು ದಾರಿ. ಚೀಲಕ್ಕೊಂದು ಕಿಟಕಿ ತೆರೆದು, ನೀರು ಹೊರಹೋಗಲು ಬಿಟ್ಟು, ನಿಧಾನಕ್ಕೆ ಕುಗ್ಗಿಸುವುದು ಒಂದು. ಪೂರ್ತಿ ಚೀಲ ಒಂದೇ ಸಲಕ್ಕೆ ಬಿಡಿಸುವುದು ಇನ್ನೊಂದು. ಬೆಳೆಯುವ ಮಕ್ಕಳಲ್ಲಿ ಚೀಲ ದೊಡ್ಡದಿದ್ದು ಹಲ್ಲು ಉಳಿಸಬೇಕಾದರೆ ಕಿಟಕಿಯೇ ಒಳ್ಳೆಯದು. ಒತ್ತಡ ಇಳಿದ ಮೇಲೆ ಹಲ್ಲು ತಾನಾಗೇ ಮೇಲೇಳುವುದನ್ನು ನೋಡಲು ಖುಷಿಯಾಗುತ್ತದೆ. ಆದರೆ ತಿಂಗಳುಗಟ್ಟಲೆ ದಿನಾ ಆ ತೂತನ್ನು ಸಿರಿಂಜಿನ ನೀರಿನಿಂದ ತೊಳೆಯಬೇಕು, ಮನೆಯವರೇ ಮಾಡಬೇಕು. ದೊಡ್ಡವರಲ್ಲಿ, ಬುದ್ಧಿಹಲ್ಲಿನ ಸುತ್ತ ಇದ್ದರೆ, ಹಲ್ಲಿನ ಜೊತೆ ಪೂರ್ತಿ ತೆಗೆಸಿಬಿಡಿ.

ದೊಡ್ಡವರಾದ ಮೇಲೆ ಸಿಕ್ಕರೆ

ಮೂವತ್ತು ನಲವತ್ತರಲ್ಲಿ ಬೇರೆ ಹಲ್ಲಿನ ನೋವಿಗೆ ಒ.ಪಿ.ಜಿ. ತೆಗೆದಾಗ ಕೆಳದವಡೆಯಲ್ಲಿ ಬಿಳಿ ಮುದ್ದೆ, ಅದರ ಕೆಳಗೆ ಸಿಕ್ಕಿಕೊಂಡ ದವಡೆಹಲ್ಲು ಕಾಣುವುದುಂಟು. ಈ ವಯಸ್ಸಿನಲ್ಲಿ ಹಲ್ಲನ್ನು ಸಾಲಿಗೆ ತರುವ ಆಸೆ ಬಿಡುವುದೇ ಒಳ್ಳೆಯದು. ಗಡ್ಡೆ ಸಣ್ಣದು, ನೋವು ಕೀವು ಇಲ್ಲ, ಸುತ್ತ ಕಪ್ಪು ಹಿಗ್ಗುತ್ತಿಲ್ಲ ಅಂದರೆ ವರ್ಷಕ್ಕೊಮ್ಮೆ ಎಕ್ಸ್‌ರೇಯಲ್ಲಿ ನೋಡುತ್ತಾ ಇರಬಹುದು. ಊತ, ಕೀವು, ಪಕ್ಕದ ಬೇರು ಕರಗುವುದು ಇವುಗಳಲ್ಲಿ ಯಾವುದೇ ಕಂಡರೂ ತೆಗೆಸಬೇಕು. ಗಡ್ಡೆ ದೊಡ್ಡದಿದ್ದರೆ ಇಡಿಯಾಗಿ ಎತ್ತುವ ಬದಲು ಒಳಗೇ ತುಂಡು ಮಾಡಿ ತೆಗೆಯುವುದು ಮೂಳೆಗೆ ಕ್ಷೇಮ. ದವಡೆಯ ನರಕ್ಕೆ ಪೆಟ್ಟಾಗಿ ಕೆಳತುಟಿ ಜೋಮು ಹಿಡಿಯುವ ಅಪಾಯ ಎಷ್ಟು ಅಂತ ಆಪರೇಷನ್ನಿಗೆ ಮೊದಲೇ ಕೇಳಿ ತಿಳಿದುಕೊಳ್ಳಿ.

ಎಲ್ಲಿಗೆ ಹೋಗುವುದು?

ಈ ಚಿಕಿತ್ಸೆಗೆ ಒಬ್ಬರೇ ಡಾಕ್ಟರ್ ಸಾಲುವುದಿಲ್ಲ. ಗಡ್ಡೆ ತೆಗೆಯುವುದು ಓರಲ್ ಸರ್ಜರಿಯವರು, ಹಲ್ಲು ಎಳೆದು ಸಾಲಿಗೆ ತರುವುದು ಆರ್ಥೋದವರು, ಮಕ್ಕಳಾದರೆ ಮಕ್ಕಳ ಹಲ್ಲು ನೋಡುವ ಪೆಡೋದವರೂ ಇರಬೇಕು. ಇಲ್ಲಿ ಆರ್ಥೋ ಅಂದರೆ ಮೂಳೆ ಡಾಕ್ಟರ್ ಅಲ್ಲ, ಕ್ಲಿಪ್ ಹಾಕುವವರು. ಇವರೆಲ್ಲ ಒಂದೇ ಸೂರಿನಡಿ ಸಿಗುವುದು ದಂತ ಕಾಲೇಜುಗಳಲ್ಲಿ, ಬಯಾಪ್ಸಿ ನೋಡುವ ವಿಭಾಗವೂ ಅಲ್ಲೇ ಇರುತ್ತದೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಬಳಿ ಸರ್ಕಾರಿ ದಂತ ಕಾಲೇಜಿದೆ. ಮೈಸೂರು, ಮಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡ, ಬೆಳಗಾವಿ, ಕಲಬುರಗಿಯಲ್ಲೂ ದಂತ ಕಾಲೇಜುಗಳಿವೆ. ಖಾಸಗಿ ಕ್ಲಿನಿಕ್ಕಿನಲ್ಲಿ ಮಾಡಿಸುವುದಾದರೆ, ಗಡ್ಡೆ ತೆಗೆಯುವ ದಿನಕ್ಕೆ ಮೊದಲೇ ಸರ್ಜನ್ ಮತ್ತು ಆರ್ಥೋ ಡಾಕ್ಟರ್ ಇಬ್ಬರೂ ಒಂದೇ ಎಕ್ಸ್‌ರೇ ಇಟ್ಟುಕೊಂಡು ಮಾತಾಡಿದ್ದಾರಾ ಅಂತ ಕೇಳಿ. ನಾನಾಗಿದ್ದರೆ ಇದೊಂದು ಪ್ರಶ್ನೆಗೆ ಉತ್ತರ ಸಿಗದೆ ಆಪರೇಷನ್ನಿಗೆ ಒಪ್ಪುತ್ತಿರಲಿಲ್ಲ. ಹಳೆಯ ಎಕ್ಸ್‌ರೇಗಳನ್ನೂ ಜೋಪಾನವಾಗಿಡಿ. ಹಲ್ಲು ಇಳಿದಿದೆಯಾ ಅಂತ ತಿಳಿಯುವುದು ಎರಡನ್ನು ಪಕ್ಕಪಕ್ಕ ಇಟ್ಟಾಗಲೇ.

ನಮ್ಮ ಹುಡುಗನ ಎಕ್ಸ್‌ರೇಗಳು ಈಗ ನಾಲ್ಕಾಗಿವೆ. ಮೂರನೇ ತಿಂಗಳಲ್ಲಿ ಹಲ್ಲು ಮೂರು ಮಿಲಿಮೀಟರ್ ಇಳಿದಿತ್ತು. ಏಳನೇ ತಿಂಗಳಲ್ಲಿ ವಸಡು ಬಿಳಿಚಿಕೊಂಡು ಉಬ್ಬಿತು, ಆದರೆ ಹಲ್ಲು ಹೊರಬರಲಿಲ್ಲ. ಅಲ್ಲಿ ವಸಡು ದಪ್ಪಗಾಗಿತ್ತು. ಒಂಚೂರು ಕೊಯ್ದು ದಾರಿ ಮಾಡಿದೆವು. ಹತ್ತನೇ ತಿಂಗಳಲ್ಲಿ ಬಂದಾಗ ಅಜ್ಜಿಯ ಮುಖದಲ್ಲಿ ಹೊಸ ಚಿಂತೆ. "ಹಲ್ಲೇನೋ ಬಂತು ಡಾಕ್ಟ್ರೇ, ಆದ್ರೆ ಗರಗಸದ ಹಾಗಿದೆಯಲ್ಲ, ಇದೂ ಏನಾದ್ರೂ ತೊಂದರೆನಾ?" ತುಟಿ ಎತ್ತಿ ನೋಡಿದೆ. ಅಂಚಿನಲ್ಲಿ ಮೂರು ಪುಟ್ಟ ಗುಬ್ಬಿಗಳು. ಹೊಸದಾಗಿ ಹುಟ್ಟಿದ ಬಾಚಿಹಲ್ಲಿಗೆಲ್ಲ ಅವು ಇರುತ್ತವೆ, ಕಚ್ಚಿ ತಿನ್ನುತ್ತಾ ತಿನ್ನುತ್ತಾ ಸವೆದು ಹೋಗುತ್ತವೆ. ಪಕ್ಕದ ಹಲ್ಲಿನದು ಮೂರು ವರ್ಷದಲ್ಲಿ ಸವೆದು ನುಣ್ಣಗಾಗಿತ್ತು.